ನೋಟೀಸು ಓದಿ ಮನೆಯಲ್ಲೇ ಉಳಿದವರು

ಈ ಪುಟಗಳಲ್ಲಿ ಕಾದಂಬರಿ, ಕವನಸಂಗ್ರಹಗಳ ಗುಣದೋಷಗಳನ್ನು ಎಣಿಸುವುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಮೀರಿ ಸುಪ್ರೀಮ್ ಕೋರ್ಟಿನ ಒಂದು ತೀರ್ಪನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ವಾಚಕರು ಹುಬ್ಬೇರಿಸಬಾರದು. ತೀರ್ಪೂ ಒಂದು ಗದ್ಯಬರಹವೇ. ಅದರಲ್ಲಿಯೂ ಪಾತ್ರಗಳುಂಟು, ಕಥೆಯುಂಟು, ವಾದದ ಬಿಗಿಯುಂಟು; ಒಳ್ಳೆಯ ಕಾದಂಬರಿಗಳಲ್ಲಿ ಕೂಡ ಆಗುವಂತೆ ಕೊನೆಯ ಅಧ್ಯಾಯದಲ್ಲಿ ಕೈ ಸಡಿಲುವುದೂ ಉಂಟು. ಮೇಲಾಗಿ ಈ ತೀರ್ಪು ಹುಟ್ಟಿದ್ದು ರಾಜಮಹಾರಾಜರ ಜಗಳದಿಂದಲ್ಲ. ನಮ್ಮ ಮುಂಬಯಿಯ ವಿಮಾನನಿಲ್ದಾಣದಲ್ಲಿ ಒಂದು ಎರಡನೆಯ ದರ್ಜೆಯ ಹೊಟೇಲನ್ನೂ ಎರಡು ಸ್ನ್ಯಾಕ್ ಬಾರುಗಳನ್ನೂ ಯಾರು ನಡೆಸಬೇಕು ಎಂಬ ಪ್ರಶ್ನೆಯಿಂದ. ಹೊಟೇಲಿನ ಗಲ್ಲಾದ ಹಿಂದೆ ಕುಳಿತು ಈ ಊರನ್ನು ಅರ್ಥಮಾಡಿಕೊಂಡ ನಮ್ಮ ಜನಕ್ಕೆ ಇದಕ್ಕಿಂತ ಹತ್ತಿರದ ವಸ್ತು ಬೇರೆ ಯಾವುದಿದ್ದೀತು?

ಈ ತೀರ್ಪು ನಮಗೆ ಮತ್ತೆ ನೆನಪಾಗಲು ಕಾರಣರಾದವರು ನಮ್ಮ ಪರಿಚಯದ ಒಬ್ಬ ಹಿರಿಯರು. ಹೆಸರು ಹೇಳಿದರೆ ಅವರಿಗೆ ಹಿಡಿಸದು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕಚೇರಿಗಳ ಕ್ಯಾಂಟೀನು ವಹಿಸಿಕೊಳ್ಳುವ ಮಟ್ಟಕ್ಕೆ ಏರಿದವರು. ಹಲವು ವರ್ಷಗಳ ಹಿಂದೆ ಒಂದು ಸರಕಾರಿ ಸಂಸ್ಥೆ ತನ್ನ ಕ್ಯಾಂಟೀನಿಗೆ ಟೆಂಡರು ಕರೆದಿತ್ತು. ಹತ್ತು ವರ್ಷದ ಅನುಭವ ಇದ್ದವರು ಮಾತ್ರ ಅರ್ಜಿ ಹಾಕಬೇಕೆಂದು ನೋಟೀಸಿನಲ್ಲಿ ಅಚ್ಚಾಗಿತ್ತು. ಇವರ ಹೆಸರಿಗೆ ಲಾಯಸೆನ್ಸು ಬಂದು ಒಂಬತ್ತು ವರ್ಷ, ಮೇಲೆ ನಾಲ್ಕಾರು ತಿಂಗಳು. ನೋಟೀಸನ್ನು ಎರಡು ಸಲ ಓದಿ, ಪತ್ರಿಕೆಯನ್ನು ಮಡಚಿಟ್ಟು ಸುಮ್ಮನಾದರು. ಆಮೇಲೆ ತಿಳಿದದ್ದು: ಕ್ಯಾಂಟೀನು ಸಿಕ್ಕಿದವನಿಗೆ ಆರು ವರ್ಷದ ಅನುಭವವೂ ಇರಲಿಲ್ಲ. ವಿಚಾರಿಸಲು ಹೋದರೆ ಮೇಜಿನ ಆಚೆಯಿಂದ ಬಂದ ಉತ್ತರ, “ನೀವು ಟೆಂಡರೇ ಹಾಕಿಲ್ಲವಲ್ಲ, ನಿಮಗೇನು ಸಂಬಂಧ?” ಹಿರಿಯರು ಈಗಲೂ ಆ ಮಾತನ್ನು ನೆನೆದು ನಗುತ್ತಾರೆ. “ನೋಟೀಸು ಸರಿಯಾಗಿ ಓದಿದ್ದೇ ನನ್ನ ತಪ್ಪಾಯ್ತಲ್ಲ ಮಾರಾಯ್ರೆ!” ಎನ್ನುತ್ತಾರೆ.

ಅವರು ನಗುತ್ತಾರೆ, ಸರಿ. ಆದರೆ ಆ ಪ್ರಶ್ನೆ, ಅಂದರೆ ಅರ್ಜಿಯೇ ಹಾಕದವನಿಗೆ ಅನ್ಯಾಯವಾಗಲು ಸಾಧ್ಯವೇ ಎಂಬುದು, ನಗೆಯಲ್ಲಿ ತೇಲಿಸಿಬಿಡುವಂಥದಲ್ಲ. ಭಾರತದ ಅತ್ಯುಚ್ಚ ನ್ಯಾಯಾಲಯ ಅದಕ್ಕೆ ಉತ್ತರ ಹೇಳಿದ್ದು 1979ರ ಮೇ 4ರಂದು, ರಮಣ ದಯಾರಾಮ ಶೆಟ್ಟಿ ವಿರುದ್ಧ ಅಂತರರಾಷ್ಟ್ರೀಯ ವಿಮಾನನಿಲ್ದಾಣ ಪ್ರಾಧಿಕಾರ ಎಂಬ ಮೊಕದ್ದಮೆಯಲ್ಲಿ. ಪೀಠದಲ್ಲಿದ್ದವರು ಭಗವತಿ, ತುಳಜಾಪುರಕರ, ಪಾಠಕ್ ಎಂಬ ಮೂವರು ನ್ಯಾಯಮೂರ್ತಿಗಳು, ಬರೆದವರು ಭಗವತಿ.

ಕಥೆ ಸರಳ. 1977ರ ಜನವರಿ 3ರಂದು ಪ್ರಾಧಿಕಾರವು ಒಂದು ನೋಟೀಸು ಹೊರಡಿಸಿತು. ಇದು 1971ರ ಕಾಯದೆಯಿಂದ ಹುಟ್ಟಿದ ಸಂಸ್ಥೆ. 1995ರಲ್ಲಿ ಇನ್ನೊಂದು ಪ್ರಾಧಿಕಾರದೊಡನೆ ಕೂಡಿ ಭಾರತೀಯ ವಿಮಾನನಿಲ್ದಾಣ ಪ್ರಾಧಿಕಾರವಾಯಿತು. ಮುಂಬಯಿ ನಿಲ್ದಾಣದಲ್ಲಿ ಎರಡನೆಯ ದರ್ಜೆಯ ಹೊಟೇಲು ಮತ್ತು ಎರಡು ಸ್ನ್ಯಾಕ್ ಬಾರುಗಳನ್ನು ಮೂರು ವರ್ಷ ನಡೆಸಲು ಟೆಂಡರು ಹಾಕಬಹುದು. ಹಾಕುವವರು ಕನಿಷ್ಠ ಐದು ವರ್ಷದ ಅನುಭವವುಳ್ಳ ನೋಂದಾಯಿತ ಎರಡನೆಯ ದರ್ಜೆಯ ಹೊಟೇಲುಗಾರರಾಗಿರಬೇಕು. ಇದು ಮೊದಲನೆಯ ಕಲಮು. ಎಂಟನೆಯ ಕಲಮು ನಮಗೆಲ್ಲ ಬಾಯಿಪಾಠವಾಗಿರುವಂಥದು: ಯಾವ ಟೆಂಡರನ್ನೂ ಒಪ್ಪಲೇಬೇಕೆಂಬ ಕಟ್ಟಿಲ್ಲ, ಕಾರಣ ಹೇಳದೆ ಒಂದನ್ನೋ ಎಲ್ಲವನ್ನೋ ತಿರಸ್ಕರಿಸುವ ಹಕ್ಕು ನಿಲ್ದಾಣದ ಅಧಿಕಾರಿಗೆ ಇದೆ. ಜನವರಿ 25ರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಹನ್ನೆರಡೂವರೆಗೆ ಲಕೋಟೆ ಒಡೆಯುವುದು. ಆರು ಟೆಂಡರು ಬಂದವು. ಎಲ್ಲಕ್ಕಿಂತ ಹೆಚ್ಚಿನ ಮೊತ್ತ ತಿಂಗಳಿಗೆ 6,666 ರೂಪಾಯಿ 66 ಪೈಸೆ. ವರ್ಷಕ್ಕೆ ಲೆಕ್ಕ ಹಾಕಿದರೆ ಎಂಬತ್ತು ಸಾವಿರಕ್ಕೆ ಎಂಟು ಪೈಸೆ ಕಡಿಮೆ; ನಮ್ಮ ಹೊಟೇಲಿನವರ ಲೆಕ್ಕಾಚಾರವೇ ಹಾಗೆ.

ಆ ಮೊತ್ತ ಹೇಳಿದವರು ಹತ್ತು ವರ್ಷಗಳಿಂದ ಕಂಪನಿ, ಬ್ಯಾಂಕು, ಕಾರಖಾನೆಗಳಿಗೆ ಊಟ ಉಪಾಹಾರ ಒದಗಿಸುತ್ತಿದ್ದವರು. ಕ್ಯಾಂಟೀನು ನಡೆಸಿದ್ದರು, ದರ್ಜೆಯ ಹೊಟೇಲು ನಡೆಸಿದ ದಾಖಲೆ ಇರಲಿಲ್ಲ. ಪ್ರಾಧಿಕಾರದವರಿಗೂ ಇದು ಗೊತ್ತಿತ್ತು. ಐದು ವರ್ಷದ ಅನುಭವಕ್ಕೆ ಪುರಾವೆ ಕೇಳಿ ಪತ್ರ ಬರೆದರು, ಬಂದ ಉತ್ತರವನ್ನು ನೋಡಿ ತೃಪ್ತರಾದರು, 1977ರ ಏಪ್ರಿಲ್ 19ರಂದು ಟೆಂಡರನ್ನು ಮಂಜೂರು ಮಾಡಿದರು.

ಇದನ್ನು ಪ್ರಶ್ನಿಸಿ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಶೆಟ್ಟಿಯವರು. ಹೆಸರು ಕೇಳಿ ನಮ್ಮವರ ಕಿವಿ ನೆಟ್ಟಗಾಗುವುದು ಸಹಜ. ಆದರೆ ಅವರ ಮೂಲದ ಬಗ್ಗೆ ಏನನ್ನೂ ಊಹಿಸುವುದು ಸಲ್ಲದು. ಗೆದ್ದವರನ್ನೆಲ್ಲ ನಮ್ಮ ಊರಿನವರೆನ್ನುವ ಚಪಲ ಸಂಘಗಳಿಗೆ ಇದ್ದದ್ದೇ, ಇವರಂತೂ ಸೋತವರು. ಅವರು ಟೆಂಡರು ಹಾಕಿರಲಿಲ್ಲ. ಅವರ ದೂರು ಇಷ್ಟೇ: “ನನಗೂ ಆ ಅರ್ಹತೆ ಇರಲಿಲ್ಲ. ಆದ್ದರಿಂದಲೇ ಸುಮ್ಮನಿದ್ದೆ. ಇಲ್ಲದಿದ್ದರೂ ನಡೆಯುತ್ತದೆಂದು ಮೊದಲೇ ಹೇಳಿದ್ದರೆ ನಾನೂ ಹಾಕುತ್ತಿದ್ದೆ.” ಮಾತು ನಮ್ಮದು, ವಾದ ಅವರದು. ಉಚ್ಚ ನ್ಯಾಯಾಲಯದ ಎರಡು ಹಂತಗಳಲ್ಲಿಯೂ ಅರ್ಜಿ ವಜಾ ಆಯಿತು. ವಿಷಯ ದಿಲ್ಲಿಗೆ ಹೋಯಿತು.

ಪ್ರಾಧಿಕಾರದ ಸಮರ್ಥನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಾವು ಸರಕಾರವಲ್ಲ, ಒಂದು ನಿಗಮ. ಹೊಟೇಲಿನ ಕಾಂಟ್ರ್ಯಾಕ್ಟು ಶುದ್ಧ ವ್ಯವಹಾರ. ನೋಟೀಸಿನ ಷರತ್ತಿಗೆ ಕಾಯದೆಯ ಬಲವಿಲ್ಲ, ಅದು ನಮ್ಮ ಅನುಕೂಲಕ್ಕೆ ನಾವೇ ಹಾಕಿಕೊಂಡದ್ದು, ಬೇಕಾದಾಗ ಸಡಿಲಿಸಬಹುದು. ಒಟ್ಟಿನಲ್ಲಿ ನೋಡಬೇಕಾದದ್ದು ಎರಡನೆಯ ದರ್ಜೆಯ ಹೊಟೇಲು ನಡೆಸುವ ಯೋಗ್ಯತೆ ಆ ಮನುಷ್ಯನಿಗಿದೆಯೇ ಎಂಬುದನ್ನು, ಅದು ಇದೆ ಎಂದು ನಮಗೆ ಖಾತ್ರಿಯಾಗಿದೆ. ದುಡ್ಡೂ ಅವರದೇ ಹೆಚ್ಚು. ವಾಚಕರು ಪ್ರಾಮಾಣಿಕವಾಗಿ ಹೇಳಲಿ: ಇದನ್ನು ಕೇಳಿದಾಗ ಅರ್ಧದಷ್ಟಾದರೂ ತಲೆದೂಗಬೇಕೆನಿಸುವುದಿಲ್ಲವೇ? ಹತ್ತು ವರ್ಷ ಸಾವಿರಾರು ಜನಕ್ಕೆ ಬಡಿಸಿದವನಿಗೆ ವಿಮಾನದ ಪ್ರಯಾಣಿಕರಿಗೆ ಒಂದು ಇಡ್ಲಿ ಕೊಡಲು ಬಾರದೇ?

ತೀರ್ಪಿನ ಪೂರ್ವಾರ್ಧ ಮೊದಲ ಪ್ರಶ್ನೆಗೆ, ಅಂದರೆ ನಿಗಮ ಸರಕಾರವೋ ಅಲ್ಲವೋ ಎಂಬುದಕ್ಕೆ ಮೀಸಲು. ವಕೀಲರು ಈ ತೀರ್ಪನ್ನು ಹೆಚ್ಚಾಗಿ ಉದ್ಧರಿಸುವುದು ಈ ಭಾಗಕ್ಕಾಗಿಯೇ. ಬಂಡವಾಳ ಯಾರದು, ಖರ್ಚಿಗೆ ಹಣ ಎಲ್ಲಿಂದ, ಏಕಸ್ವಾಮ್ಯ ಉಂಟೇ, ಹಿಡಿತ ಎಷ್ಟು ಆಳದ್ದು, ಮಾಡುವ ಕೆಲಸ ಸಾರ್ವಜನಿಕ ಮಹತ್ವದ್ದೇ ಎಂದು ಮುಂತಾಗಿ ಪರೀಕ್ಷಿಸಿ, ಇಂಥ ಸಂಸ್ಥೆ ಸರಕಾರದ ಕೈಗೋಲು, ಆದ್ದರಿಂದ ಸಂವಿಧಾನದ 12ನೆಯ ಅನುಚ್ಛೇದದ ಮೇರೆಗೆ ಪ್ರಭುತ್ವವೇ ಎಂದು ನ್ಯಾಯಾಲಯ ಹೇಳಿತು. 1981ರ ಅಜಯ ಹಾಸಿಯಾ ಮೊಕದ್ದಮೆಯಲ್ಲಿ ಈ ಪರೀಕ್ಷೆಗಳು ಇನ್ನಷ್ಟು ಗಟ್ಟಿಯಾದವು. ವಿದ್ವತ್ತು ಅಪಾರ, ನಿಜ. ಆದರೆ ಗದ್ಯವಾಗಿ ನೋಡಿದರೆ ಈ ಭಾಗ ಮದುವೆಮನೆಯ ಉಪಚಾರದಂತೆ ಉದ್ದವಾಯಿತು. ಅಮೆರಿಕದ ಮೊಕದ್ದಮೆಗಳ ಸಾಲು ಮುಗಿಯುವಷ್ಟರಲ್ಲಿ ಹೊಟೇಲು ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ.

ಅದರ ನಡುವೆಯೇ ಒಂದು ಬೆಲೆಬಾಳುವ ವಿಚಾರ ಅಡಗಿದೆ. ಅಮೆರಿಕದ ಚಾರ್ಲ್ಸ್ ರೈಕ್ ಎಂಬ ಪ್ರಾಧ್ಯಾಪಕರು 1964ರಲ್ಲಿ ಬರೆದ ಲೇಖನದ ನೆರವಿನಿಂದ ಭಗವತಿಯವರು ಹೇಳುವುದೇನೆಂದರೆ, ಈ ಕಾಲದಲ್ಲಿ ಸರಕಾರವೆಂಬುದು ಒಂದು ದೊಡ್ಡ ಕೊಡುಗೈ. ಲಾಯಸೆನ್ಸು, ಕೋಟಾ, ಗುತ್ತಿಗೆ, ನಿವೇಶನ, ನೌಕರಿ, ಪಿಂಚಣಿ ಎಲ್ಲ ಅದರ ಕೈಯಿಂದಲೇ ಉದುರಬೇಕು. ಕೋಟ್ಯಂತರ ಜನರ ಬದುಕು ಅದನ್ನು ನೆಚ್ಚಿದೆ. ಹಾಗಾದ ಮೇಲೆ ಆ ಕೈಗೆ ಖಾಸಗಿಯವನ ಸ್ವಾತಂತ್ರ್ಯ ಸಲ್ಲದು. ನಮ್ಮ ಮನೆಯ ಒಂದು ಕೋಣೆಯನ್ನು ನಾವು ಭಾವಮೈದುನನಿಗೆ ಬಾಡಿಗೆಗೆ ಕೊಟ್ಟರೆ ಕೇಳುವವರಿಲ್ಲ. ನಿಲ್ದಾಣದ ಹೊಟೇಲನ್ನು ನಿಲ್ದಾಣದ ಅಧಿಕಾರಿ ಹಾಗೆ ಕೊಡುವಂತಿಲ್ಲ. ಅದು ಅವನ ಮನೆಯಲ್ಲ. ಯಾರಿಗೆ ಕೊಟ್ಟರೂ ಹೇಳಿಕೊಳ್ಳಬಹುದಾದ, ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಒಂದು ಅಳತೆಯಿಂದ ಕೊಡಬೇಕು. 1974ರ ರಾಯಪ್ಪ ಮೊಕದ್ದಮೆಯಲ್ಲಿ, 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸಮಾನತೆಯೂ ಮನಸೋಇಚ್ಛೆಯೂ ಒಂದೇ ಒರೆಯಲ್ಲಿ ಇರಲಾರವೆಂದು ಹೇಳಿದ್ದ ಭಗವತಿಯವರು, ಆ ದೊಡ್ಡ ಮಾತನ್ನು ಇಲ್ಲಿ ತಿಂಡಿಯಂಗಡಿಯ ಮಟ್ಟಕ್ಕೆ ಇಳಿಸಿದರು. ಇಳಿಸಿದರು ಎಂದದ್ದು ಹೊಗಳಿಕೆಯಾಗಿ.

ಆದರೆ ತೀರ್ಪಿನ ತಿರುಳಿರುವುದು ಬೇರೊಂದು ಕಡೆ. ಪ್ರಾಧಿಕಾರಕ್ಕೆ ಟೆಂಡರು ಕರೆಯಬೇಕೆಂಬ ಕಾನೂನೇ ಇರಲಿಲ್ಲ. ಷರತ್ತು ಹಾಕಬೇಕೆಂಬ ಬಲವಂತವೂ ಇರಲಿಲ್ಲ. ಬಂದ ಟೆಂಡರುಗಳನ್ನೆಲ್ಲ ತಿರಸ್ಕರಿಸಿ, ಸಂವಿಧಾನದ ಮೇರೆಯೊಳಗೆ ನೇರವಾಗಿ ಮಾತುಕತೆಗೆ ಕುಳಿತುಕೊಳ್ಳಬಹುದಾಗಿತ್ತು. ಹಾಗೆಂದು ತೀರ್ಪೇ ಒಪ್ಪುತ್ತದೆ. ಹಾಗಿದ್ದರೆ ತಾನೇ, ತನ್ನಿಚ್ಛೆಯಿಂದ ಬರೆದ ನಿಯಮವನ್ನು ಅದು ಮುರಿದರೆ ತಪ್ಪೇನು? ಇಲ್ಲಿ ಭಗವತಿಯವರು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ 1959ರಲ್ಲಿ ವಿಟರೆಲ್ಲಿ ಎಂಬ ನೌಕರನ ಮೊಕದ್ದಮೆಯಲ್ಲಿ ಬರೆದದ್ದನ್ನು ನೆನೆಯುತ್ತಾರೆ. ಆ ನೌಕರನನ್ನು ಕಾರಣವಿಲ್ಲದೆಯೇ ತೆಗೆದುಹಾಕುವ ಅಧಿಕಾರ ಇಲಾಖೆಗೆ ಇತ್ತು. ಆದರೆ ಇಲಾಖೆ ವಿಚಾರಣೆಯ ದಾರಿ ಹಿಡಿಯಿತು; ಹಿಡಿದ ಮೇಲೆ ತಾನೇ ಬರೆದುಕೊಂಡ ಕ್ರಮವನ್ನು ಪಾಲಿಸಲಿಲ್ಲ. ಆ ವಜಾ ನಿಲ್ಲಲಿಲ್ಲ. ಕಾರ್ಯವಿಧಾನದ ಕತ್ತಿಯನ್ನು ಯಾರು ಒರೆಯಿಂದ ಎಳೆದರೋ ಅವರು ಅದರ ಅಲಗಿಗೆ ತಾವೂ ಒಡ್ಡಿಕೊಳ್ಳಬೇಕು ಎಂಬುದು ಫ್ರಾಂಕ್‌ಫರ್ಟರರ ಇಂಗಿತ. ಈ ನಿಯಮ ಸಮಾನತೆಯ 14ನೆಯ ಅನುಚ್ಛೇದದಿಂದಲೂ ಹುಟ್ಟಬಹುದು, ಅದಿಲ್ಲದೆ ತನ್ನ ಕಾಲ ಮೇಲೆಯೂ ನಿಲ್ಲಬಹುದು ಎಂದು ಭಗವತಿಯವರು ಸೇರಿಸುತ್ತಾರೆ. ನೋಟೀಸು ಹಾಕುವ ಕೈಗೆ ನೋಟೀಸಿನ ಕಟ್ಟು.

ನೋಟೀಸಿನ ಭಾಷೆಯ ಬಗ್ಗೆಯೂ ಒಂದು ಮಾತು. ದರ್ಜೆಯಿರುವುದು ಹೊಟೇಲಿಗೆ, ಹೊಟೇಲುಗಾರನಿಗಲ್ಲ. ಎರಡನೆಯ ದರ್ಜೆಯ ಹೊಟೇಲುಗಾರ ಎಂದರೆ ಯಾರು? ಹಿಟ್ಟು ಹುಳಿ ಬರುವುದಕ್ಕೆ ಮುಂಚೆಯೇ ಕಾವಲಿಗೆ ಎರೆಯುವವನೇ? ಈ ಗೊಂದಲದ ಲಾಭ ಪಡೆಯಲು ಪ್ರಾಧಿಕಾರ ನೋಡಿತು: ಪದಗಳಿಗೆ ಸರಿಯಾದ ಅರ್ಥವೇ ಇಲ್ಲ, ಆದ್ದರಿಂದ ಯೋಗ್ಯನಾದವನು ಎಂದಷ್ಟೇ ತಿಳಿಯಬೇಕು ಎಂಬ ಧಾಟಿ. ನ್ಯಾಯಾಲಯ ಒಪ್ಪಲಿಲ್ಲ. ಎರಡನೆಯ ದರ್ಜೆಯ ಹೊಟೇಲನ್ನು ಐದು ವರ್ಷ ನಡೆಸಿದವನು ಎಂದೇ ಅದರ ಅರ್ಥ. ಯೋಗ್ಯತೆಯನ್ನು ಅಧಿಕಾರಿಯ ಅಂದಾಜಿಗೆ ಬಿಡದೆ ಹೊರಗಿನಿಂದ ಅಳೆಯಬಹುದಾದ ಒಂದು ಕೋಲು ಇರಲಿ ಎಂಬುದಕ್ಕಾಗಿಯೇ ಅಂಥ ಷರತ್ತು ಹಾಕುವುದು ಎಂದಿತು. ಆಡಳಿತದ ಒಳ್ಳೆಯ ನಿರ್ಣಯ ಲಕೋಟೆ ಒಡೆಯುವ ದಿನ ಆರಂಭವಾಗುವುದಲ್ಲ, ನೋಟೀಸು ಬರೆಯುವ ಗುಮಾಸ್ತನ ಮೇಜಿನಲ್ಲೇ ಆರಂಭವಾಗುತ್ತದೆಂಬುದು ಈ ಎರಡು ಪುಟಗಳನ್ನು ಓದಿದಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಇನ್ನು ತೀರ್ಪಿನ ಅತ್ಯುತ್ತಮ ಭಾಗಕ್ಕೆ ಬರುತ್ತೇವೆ. ಗೆದ್ದವನ ಯೋಗ್ಯತೆಯ ಪ್ರಶ್ನೆಯನ್ನು ನ್ಯಾಯಾಲಯ ಬದಿಗಿಟ್ಟು ಕಣ್ಣನ್ನು ಬೇರೆ ಕಡೆಗೆ ಹೊರಳಿಸಿತು. ಟೆಂಡರು ಹಾಕಿದ ಆರು ಜನರ ಮೇಲಲ್ಲ, ಹಾಕದವರ ಮೇಲೆ. ಷರತ್ತನ್ನು ಓದಿ, ತಮಗೆ ಅರ್ಹತೆಯಿಲ್ಲವೆಂದು ನಂಬಿ, ಮನೆಯಲ್ಲೇ ಉಳಿದವರು ಎಷ್ಟೋ ಮಂದಿ ಇದ್ದಿರಬಹುದು. ಷರತ್ತು ಸಡಿಲವೆಂದು ಗೊತ್ತಿದ್ದರೆ ಅವರೂ ಬರುತ್ತಿದ್ದರು. ಅವರಲ್ಲಿ ಯಾರಾದರೂ ಏಳು ಸಾವಿರ ಹೇಳುತ್ತಿರಲಿಲ್ಲವೆಂದು ಯಾರು ಬಲ್ಲರು? (ಏಳು ಸಾವಿರದ ಮಾತು ನಮ್ಮ ಸೇರ್ಪಡೆ.) ಒಬ್ಬನಿಗೆ ರಿಯಾಯಿತಿ ಕೊಡುವಾಗ ಎದುರಿಗೆ ಕಾಣುವುದು ಆ ಒಬ್ಬನ ಮುಖ ಮಾತ್ರ. ದಯೆಯೆಂದು ತೋರುವ ಆ ರಿಯಾಯಿತಿಯ ಬೆಲೆ ತೆರುವವರು ಕಾಣುವುದೇ ಇಲ್ಲ. ಅವರ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಅವರಿಗೆ ಅನ್ಯಾಯವಾಯಿತೆಂದು ಅವರಿಗೇ ಗೊತ್ತಿಲ್ಲ.

ಊರು ಬಿಟ್ಟು ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಪರಊರಿನಲ್ಲಿ ನಮಗೆ ಕಚೇರಿಯ ಒಳಗಿನ ಗಾಳಿ ಗೊತ್ತಿರುವುದಿಲ್ಲ. ಯಾವ ಷರತ್ತು ಗಟ್ಟಿ, ಯಾವುದು ಹೆಸರಿಗೆ ಮಾತ್ರ ಎಂದು ಕಿವಿಯಲ್ಲಿ ಹೇಳುವ ಸೋದರಮಾವ ಆ ಕಚೇರಿಯಲ್ಲಿ ಇರುವುದಿಲ್ಲ. ನಮಗಿರುವುದು ಅಚ್ಚಾದ ಕಾಗದ ಒಂದೇ. ಹೆಡ್ ಕ್ಲಾರ್ಕಿನ ಪರಿಚಯವಿದ್ದವನು ನೋಟೀಸನ್ನು ಓದಬೇಕಾಗಿಲ್ಲ. ಅದನ್ನು ಅಕ್ಷರಶಃ ನಂಬುವವನು ಹೊರಗಿನವನು. ಅಚ್ಚಾದದ್ದು ಒಂದು, ನಡೆಯುವುದು ಇನ್ನೊಂದು ಆದಾಗ ಮೊದಲ ಪೆಟ್ಟು ಬೀಳುವುದು ಅವನಿಗೇ. ಹೀಗೆ ನೋಡಿದರೆ ಭಗವತಿಯವರ ನಿಯಮ ಶುಷ್ಕವಾದ ವಿಧಿಪೂಜೆಯಲ್ಲ. ಪರಿಚಯವಿಲ್ಲದವನಿಗೆ ಪರಿಚಯವಿದ್ದವನ ಜೊತೆ ಒಂದೇ ಬೆಂಚಿನಲ್ಲಿ ಜಾಗ ಕೊಡುವ ಏರ್ಪಾಟು.

ಇದಕ್ಕೊಂದು ಆಕ್ಷೇಪ ಉಂಟು. ನಿಯಮವೆಂದರೆ ನಿಯಮ ಎಂದು ಹಟ ಹಿಡಿದರೆ ಕಚೇರಿಗಳು ಕಲ್ಲಿನ ಬೊಂಬೆಗಳಾಗುವುದಿಲ್ಲವೇ, ಅಲ್ಪವಿರಾಮ ತಪ್ಪಿದ ಅರ್ಜಿಗಳೆಲ್ಲ ಕಸದ ಬುಟ್ಟಿಗೆ ಹೋಗುವುದಿಲ್ಲವೇ ಎಂಬುದು. ಮುಂದಿನ ತೀರ್ಪುಗಳು ಈ ಭಯವನ್ನು ಸಾಕಷ್ಟು ನೀಗಿಸಿವೆ. 1991ರ ಪೊದ್ದಾರ್ ಸ್ಟೀಲ್ ಮೊಕದ್ದಮೆಯಲ್ಲಿ ಠೇವಣಿಯನ್ನು ನಗದಾಗಿ ಇಲ್ಲವೇ ಸ್ಟೇಟ್ ಬ್ಯಾಂಕಿನ ಡ್ರಾಫ್ಟಿನ ಮೂಲಕ ಕಟ್ಟಬೇಕೆಂದಿದ್ದಾಗ ಒಬ್ಬರು ಯೂನಿಯನ್ ಬ್ಯಾಂಕಿನದೇ ಚೆಕ್ಕನ್ನು ಲಗತ್ತಿಸಿದ್ದರು. ಹಣ ಖಾತ್ರಿಯಾಗಿರುವಾಗ ಇಂಥ ಚಿಕ್ಕ ವ್ಯತ್ಯಾಸವನ್ನು ಮನ್ನಿಸಬಹುದು ಎಂದಿತು ನ್ಯಾಯಾಲಯ. ಅದಕ್ಕೆ ಒಂದು ವರ್ಷ ಮೊದಲು, 1990ರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ಫರ್ನಾಂಡಿಸ್ ಮೊಕದ್ದಮೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಕಾಗದಪತ್ರಗಳನ್ನು ತಡವಾಗಿ ಒಪ್ಪಿಸಿದ ಕಂಪನಿಯ ಟೆಂಡರನ್ನು ಪರಿಗಣಿಸಿದ್ದು ಪ್ರಶ್ನೆಯಾಗಿತ್ತು. ಅಲ್ಲಿ ನ್ಯಾಯಾಲಯ ಶೆಟ್ಟಿ ಮೊಕದ್ದಮೆಯ ಸೂತ್ರವನ್ನು ಮುಂದಿಟ್ಟುಕೊಂಡೇ ನಿಗಮದ ಪರವಾಗಿ ತೀರ್ಪಿತ್ತಿತು: ಸಡಿಲಿಕೆಯಿಂದ ಪಕ್ಷಪಾತವಾಗದಿದ್ದರೆ, ಬೇರೆಯವರಿಗೆ ಬಾಗಿಲು ಮುಚ್ಚಿದಂತಾಗದಿದ್ದರೆ, ಅದು ಸಲ್ಲುತ್ತದೆ. ವ್ಯತ್ಯಾಸ ಸೂಕ್ಷ್ಮ, ಆದರೆ ಸ್ಪಷ್ಟ. ಯಾವ ಬ್ಯಾಂಕಿನ ಚೆಕ್ಕು ಎಂಬ ಷರತ್ತನ್ನು ಓದಿ ಯಾರೂ ಮನೆಯಲ್ಲಿ ಉಳಿಯುವುದಿಲ್ಲ. ಐದು ವರ್ಷದ ಅನುಭವ ಎಂಬುದನ್ನು ಓದಿದರೆ ಉಳಿಯುತ್ತಾರೆ.

ಇಷ್ಟೆಲ್ಲ ಮೆಚ್ಚಿದ ಮೇಲೆ ದೋಷದ ಮಾತು. ಪ್ರಾಧಿಕಾರ ತಪ್ಪು ಮಾಡಿದೆ, ಸಮಾನ ಅವಕಾಶವನ್ನು ಕಸಿದಿದೆ ಎಂದು ಇಷ್ಟು ಪುಟ ವಾದಿಸಿದ ತೀರ್ಪು ಕೊನೆಯಲ್ಲಿ ಏನು ಮಾಡಿತು? ಶೆಟ್ಟಿಯವರ ಮೇಲ್ಮನವಿಯನ್ನು ವಜಾ ಮಾಡಿತು. ಕಾರಣಗಳು ಕೆಲವು. ಮಂಜೂರಾತಿಯಾಗಿ ಐದು ತಿಂಗಳ ಮೇಲೆ, 1977ರ ನವೆಂಬರದಲ್ಲಿ ರಿಟ್ ಅರ್ಜಿ ಹಾಕಿದ್ದು. ಅಷ್ಟರೊಳಗೆ ಗೆದ್ದವರು ಸುಮಾರು 1,25,000 ರೂಪಾಯಿ ಖರ್ಚು ಮಾಡಿದ್ದು. ಮತ್ತು, ಇದು ಮುಖ್ಯ, ಶೆಟ್ಟಿಯವರಿಗೆ ಸ್ವಂತ ಆಸಕ್ತಿಯಿಲ್ಲ, ಅದೇ ಜಾಗದಲ್ಲಿ ಹಿಂದೆ ಹೊಟೇಲು ನಡೆಸುತ್ತಿದ್ದವರು ತಮ್ಮ ದಾವೆಗಳು ಫಲಿಸದಿದ್ದಾಗ ಇವರನ್ನು ಮುಂದೆ ಮಾಡಿದ್ದಾರೆ ಎಂಬ ನ್ಯಾಯಾಲಯದ ಗ್ರಹಿಕೆ.

ಮೊದಲ ಎರಡು ಕಾರಣಗಳಲ್ಲಿ ತಥ್ಯವಿದೆ. ಬಾಣಲೆ, ಬೆಂಚು, ಒಲೆ ಎಂದು ಒಂದೂಕಾಲು ಲಕ್ಷ ಸುರಿದವನನ್ನು ಒಂದು ಬೆಳಗ್ಗೆ ಬೀದಿಗೆ ಹಾಕುವುದು ನ್ಯಾಯವಲ್ಲ. ನೋಟೀಸು ಬರೆದದ್ದು, ಮುರಿದದ್ದು ಅವನಲ್ಲ. ಮೂರನೆಯ ಕಾರಣವೂ ನಿಜವಿರಬಹುದು. ಆದರೆ ಇಲ್ಲಿ ತೀರ್ಪು ತನ್ನ ಒಳ್ಳೆಯ ವಿಚಾರವನ್ನೇ ಕೈಬಿಟ್ಟಿತೆಂದು ನಮ್ಮ ಅಭಿಪ್ರಾಯ. ಅನ್ಯಾಯವಾದದ್ದು ಮನೆಯಲ್ಲಿ ಉಳಿದ ಹೆಸರಿಲ್ಲದವರಿಗೆ ಎಂದು ತಾನೇ ಹೇಳಿದ ಮೇಲೆ, ಎದುರಿಗೆ ನಿಂತವನ ಉದ್ದೇಶ ಶುದ್ಧವೋ ಅಶುದ್ಧವೋ ಎಂಬುದಕ್ಕೆ ಇಷ್ಟು ತೂಕ ಏಕೆ? ಮಂಜೂರಾದ ದಿನದಿಂದ ಎಣಿಸಿದರೆ ಮೂರು ವರ್ಷದಲ್ಲಿ ಎರಡು ವರ್ಷ ಆಗಲೇ ಮುಗಿದಿತ್ತು. ಇದ್ದವನನ್ನು ಅವಧಿ ಮುಗಿಯುವ ತನಕ ಇರಗೊಟ್ಟು, ಆ ಮೇಲೆ ಷರತ್ತನ್ನು ತಿದ್ದಿ ಬರೆದು, ಹೊಸದಾಗಿ ಟೆಂಡರು ಕರೆಯಿರಿ, ಉಳಿದವರೂ ಬರಲಿ ಎಂದು ಒಂದು ಸಾಲು ಆಜ್ಞೆ ಬರೆದಿದ್ದರೆ ಯಾರ ಬಾಣಲೆಯೂ ತಣ್ಣಗಾಗುತ್ತಿರಲಿಲ್ಲ. ಅದನ್ನು ಬರೆಯಲಿಲ್ಲ. ತತ್ತ್ವ ಪುಸ್ತಕಕ್ಕೆ ಹೋಯಿತು, ಹೊಟೇಲು ಇದ್ದವನ ಕೈಯಲ್ಲೇ ಉಳಿಯಿತು, ಪ್ರಾಧಿಕಾರಕ್ಕೆ ಛೀಮಾರಿ ಬಿಟ್ಟರೆ ಇನ್ನೇನೂ ತಗಲಲಿಲ್ಲ. ಛೀಮಾರಿಗೆ ಹೆದರುವ ಕಚೇರಿಯನ್ನು ನಾವಂತೂ ಕಂಡಿಲ್ಲ.

ಇನ್ನೊಂದು ಕೊರತೆ ಆ ಎಂಟನೆಯ ಕಲಮಿನದು. ಕಾರಣ ಹೇಳದೆ ತಿರಸ್ಕರಿಸುವ ಹಕ್ಕು ಎಂಬ ಮಾತನ್ನು ತೀರ್ಪು ಬಳಸಿಕೊಂಡಿತೇ ಹೊರತು ಅದನ್ನೇ ಒರೆಗೆ ಹಚ್ಚಲಿಲ್ಲ. ಕಾರಣ ಬರೆಯಬೇಕಾದ ಅಧಿಕಾರಿಗೆ ಬರೆಯುವಾಗಲೇ ತನ್ನ ತಪ್ಪು ಕಾಣುತ್ತದೆ. “ಷರತ್ತಿನಂತೆ ಅನುಭವ ಇಲ್ಲ, ಆದರೂ ಮಂಜೂರು” ಎಂದು ಸ್ವಂತ ಕೈಯಿಂದ ಬರೆದು ಸಹಿ ಹಾಕುವುದು ಸುಲಭವಲ್ಲ. ಅದಕ್ಕೂ ಮೊದಲೇ, 1977ರಲ್ಲಿ ತೀರ್ಮಾನವಾದ ಮೊಹಿಂದರ್ ಸಿಂಗ್ ಗಿಲ್ ಮೊಕದ್ದಮೆಯಲ್ಲಿ, ಆಜ್ಞೆಯಲ್ಲಿ ಬರೆದ ಕಾರಣದ ಮೇಲೆಯೇ ಆಜ್ಞೆ ನಿಲ್ಲಬೇಕು, ನ್ಯಾಯಾಲಯಕ್ಕೆ ಬಂದಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಜೋಡಿಸುವಂತಿಲ್ಲ ಎಂದು ಇದೇ ಸುಪ್ರೀಮ್ ಕೋರ್ಟು ಹೇಳಿಯಾಗಿತ್ತು. ಆ ಎಳೆಯನ್ನು ಇಲ್ಲಿಗೆ ತಂದು ಹೊಸೆದಿದ್ದರೆ ತೀರ್ಪಿಗೆ ಬೇರೆಯೇ ಬಲ ಬರುತ್ತಿತ್ತು. ಆ ಕೆಲಸವನ್ನು ಶಾಸಕಾಂಗವೇ ಮಾಡಬೇಕಾಯಿತು, ಅದೂ ಕಾಲು ಶತಮಾನದ ಮೇಲೆ: 2005ರ ಮಾಹಿತಿ ಹಕ್ಕು ಕಾಯದೆಯ 4ನೆಯ ಕಲಮು, ಆಡಳಿತದ ನಿರ್ಣಯದಿಂದ ಬಾಧಿತರಾದವರಿಗೆ ಆ ನಿರ್ಣಯದ ಕಾರಣಗಳನ್ನು ಕಚೇರಿ ಒದಗಿಸಬೇಕೆನ್ನುತ್ತದೆ. ಎಷ್ಟು ಕಚೇರಿಗಳು ಕೇಳುವ ಮುಂಚೆ ಒದಗಿಸುತ್ತವೆ ಎಂಬುದನ್ನು ವಾಚಕರೇ ತಮ್ಮ ಅನುಭವದಿಂದ ಹೇಳಬಲ್ಲರು.

ತೀರ್ಪಿನ ಸಂತಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1994ರ ಟಾಟಾ ಸೆಲ್ಯುಲರ್ ಮೊಕದ್ದಮೆ, ಮುಂಬಯಿ ಸೇರಿ ನಾಲ್ಕು ಮಹಾನಗರಗಳ ಮೊಬೈಲ್ ಫೋನಿನ ಲಾಯಸೆನ್ಸಿನ ಜಗಳ, ನ್ಯಾಯಾಲಯದ ಕೈಯನ್ನು ಸ್ವಲ್ಪ ಹಿಂದಕ್ಕೆಳೆಯಿತು: ನಿರ್ಣಯ ಸರಿಯೇ ಎಂದು ನೋಡುವುದು ನಮ್ಮ ಕೆಲಸವಲ್ಲ, ನಿರ್ಣಯಕ್ಕೆ ಬಂದ ಬಗೆ ಸರಿಯೇ ಎಂದು ನೋಡುವುದಷ್ಟೇ. ಒಪ್ಪತಕ್ಕ ಮಾತು. ಊರಿನ ಕಡೆ ಕರ್ನಾಟಕ ಸರಕಾರ 1999ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯದೆಯನ್ನೇ ತಂದಿತು. ಅದರಲ್ಲಿ ನೊಂದವನಿಗೆ ಮೇಲ್ಮನವಿಯ ದಾರಿ ಇದೆ, ಸಂತೋಷ. ಆದರೆ ಆ ದಾರಿ ತೆರೆದಿರುವುದು ಟೆಂಡರು ಹಾಕಿದವನಿಗೆ. ನಮ್ಮ ಹಿರಿಯರಂಥವರಿಗೆ ಈಗಲೂ ಉಚ್ಚ ನ್ಯಾಯಾಲಯದ ರಿಟ್ ಅರ್ಜಿಯೇ ಗತಿ. ಅದರ ವಕೀಲರ ಫೀಸು ಒಂದು ಕ್ಯಾಂಟೀನಿನ ಎಷ್ಟು ತಿಂಗಳ ಲಾಭ ಎಂದು ಲೆಕ್ಕ ಹಾಕಿದ ಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ.

ಕಳೆದ ತಿಂಗಳು ಸಂಘದ ಸಭೆ ಮುಗಿದ ಮೇಲೆ ಈ ಕಥೆಯನ್ನೆಲ್ಲ ಹಿರಿಯರಿಗೆ ಹೇಳಿದೆವು. ಮನೆಯಲ್ಲಿ ಉಳಿದವರಿಗೂ ಅನ್ಯಾಯವಾಗುತ್ತದೆಂದು ಸುಪ್ರೀಮ್ ಕೋರ್ಟೇ ಬರೆದಿದೆ ಎಂದಾಗ ಅವರು ಕೈಯಲ್ಲಿದ್ದ ಚಹದ ಲೋಟವನ್ನು ಕೆಳಗಿಟ್ಟರು.

“ಹೌದಾ? ಕೋರ್ಟು ಹಾಗೇ ಹೇಳಿತಾ?”

“ಹಾಗೇ ಹೇಳಿತು.”

“ಮತ್ತೆ ಆ ಹೊಟೇಲು? ಯಾರಿಗೆ ಹೋಯ್ತು ಮಾರಾಯ್ರೆ?”

ಇದ್ದವರಿಗೇ ಉಳಿಯಿತು ಎಂದೆವು. ಹಿರಿಯರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದರು. ಮಗ ಕಂಪ್ಯೂಟರಿನಿಂದ ತೆಗೆದುಕೊಟ್ಟ ಹೊಸದೊಂದು ಟೆಂಡರು ನೋಟೀಸು. ಮಗನ ಹೆಸರಿನಲ್ಲಿ ಲಾಯಸೆನ್ಸು ಬಂದು ನಾಲ್ಕು ವರ್ಷ. ನೋಟೀಸು ಕೇಳುವುದು ಐದು. ಕನ್ನಡಕ ಏರಿಸಿಕೊಂಡು ಕೊನೆಯ ಪುಟದ ಸಣ್ಣಕ್ಷರದ ಮೇಲೆ ಬೆರಳಿಟ್ಟು, “ಇದೊಂದು ಸ್ವಲ್ಪ ಓದಿ ಹೇಳಿ” ಎಂದರು. ಕಾರಣ ತಿಳಿಸದೆ ಯಾವುದೇ ಟೆಂಡರನ್ನು ತಿರಸ್ಕರಿಸುವ ಹಕ್ಕು ಎಂದು ಅಲ್ಲಿಯೂ ಬರೆದಿತ್ತು. ಓದಿ ಹೇಳಿದೆವು. “ಈ ಸಲ ಹಾಕಿಯೇ ಬಿಡುವುದು,” ಎಂದು ಅವರು ಕಾಗದವನ್ನು ಮತ್ತೆ ಮಡಚಿದರು, “ಇಲ್ಲ ಅಂದರೆ, ಯಾಕೆ ಇಲ್ಲ ಅಂತ ಕೇಳಲಿಕ್ಕಾದರೂ ಆಗ್ತದಲ್ಲ.”